ನಲ್ಲಿ ಮೀಟರಿನಿಂದ ಇಂಗುಗುಂಡಿಯವರೆಗೆ: ದಾವಣಗೆರೆಯ ಒಂದು ಕಟ್ಟಡದ ಅನುಭವ

ಕೆಳಗೆ ಖಾನಾವಳಿ, ಮೇಲೆ ಮನೆ. 30×40ರ ನಿವೇಶನದಲ್ಲಿ ನಿಂತ ಹಳೆಯ ಕಟ್ಟಡ. ಎರಡಕ್ಕೂ ಸೇರಿ ಒಂದೇ ನಲ್ಲಿ, ಒಂದೇ ಸಂಪು, ಹಿತ್ತಲಲ್ಲಿ ಬೇಸಿಗೆ ಬಂದರೆ ಕೈಕೊಡುವ ಬೋರು. ಈ ಕಟ್ಟಡಕ್ಕೆ ಎರಡು ಮೀಟರ್ ನಲ್ಲಿ ಹಾಕಿಸಿ, ಒಳಗಿನ ಸೋರಿಕೆ ನಿಲ್ಲಿಸಿ, ತಾರಸಿಯ ಮಳೆನೀರನ್ನು ಟ್ಯಾಂಕಿಗೂ ಮಿಕ್ಕಿದ್ದನ್ನು ನೆಲಕ್ಕೂ ಇಳಿಸುವ ಕೆಲಸ ಈಗಷ್ಟೇ ಮುಗಿದಿದೆ. ಇದೇ ಕೆಲಸಕ್ಕೆ ಕೈಹಾಕುವವರಿಗೆ ಮೊದಲು ಹೇಳಬೇಕಾದ್ದು ಸರತಿಯ ವಿಷಯ. ಕಾಗದಪತ್ರ ಮೊದಲು. ಅದು ಓಡಾಡುತ್ತಿರುವಾಗಲೇ ಒಳಗಿನ ಸೋರಿಕೆ. ಆಮೇಲೆ ಮೀಟರ್. ಕೊನೆಗೆ ಮಳೆನೀರು. ಈ ಸರತಿ ತಪ್ಪಿದರೆ ಒಂದೇ ನೆಲವನ್ನು ಎರಡು ಸಲ ಅಗೆಸಬೇಕಾಗುತ್ತದೆ, ಚರಂಡಿಗೆ ಹೋದ ನೀರಿಗೂ ಬಿಲ್ಲು ಕಟ್ಟಬೇಕಾಗುತ್ತದೆ.

ದಾವಣಗೆರೆಗೆ ನೀರು ಬರುವುದು ಮುಖ್ಯವಾಗಿ ಎರಡು ಕಡೆಯಿಂದ. ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆ ಒಂದು ಕಡೆ, ಹರಿಹರದ ಬಳಿ ರಾಜನಹಳ್ಳಿಯಲ್ಲಿ ತುಂಗಭದ್ರಾ ನದಿಯಿಂದ ಎತ್ತುವ ನೀರು ಇನ್ನೊಂದು ಕಡೆ. ನಾಲೆ ನಿಂತು, ಹೊಳೆಯೂ ಸೊರಗಿದರೆ ಊರಿಗೆ ಕಷ್ಟ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವಲ್ಲ, ಅದರ ಮುಂದಿನ ಬೇಸಿಗೆಯಲ್ಲಿ ನಮ್ಮ ಬೋರು ನೀರಿನ ಬದಲು ಗಾಳಿ ಉಗುಳಿತು, ಖಾನಾವಳಿಗೆ ಟ್ಯಾಂಕರ್ ತರಿಸಬೇಕಾಯಿತು. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ನೆರವಿನ ಜಲಸಿರಿ ಯೋಜನೆ ಇಲ್ಲಿಗೆ ಬಂದಿರುವುದು ದಿನದ 24 ತಾಸೂ ಒತ್ತಡದಲ್ಲಿ ನೀರು ಕೊಡುವುದಕ್ಕೆ. ಅದರಲ್ಲಿ ಲೆಕ್ಕವೆಲ್ಲ ಮೀಟರಿನದು. ಹಾಗಾಗಿ ಇಷ್ಟು ದಿನ ಕಣ್ಣಿಗೆ ಬೀಳದೆ ಸೋರುತ್ತಿದ್ದ ನೀರು ಇನ್ನು ಮುಂದೆ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ.

ಕಾಗದದ ಕೆಲಸ ಎಲ್ಲಕ್ಕಿಂತ ಹೆಚ್ಚು ಕಾಲ ತಿಂದಿತು. ಕೇಳುವ ದಾಖಲೆಗಳು ಇವು: ಚಾಲ್ತಿ ವರ್ಷದ ಆಸ್ತಿ ತೆರಿಗೆ ರಸೀದಿ, ಇ-ಆಸ್ತಿ ಖಾತೆ, ಮಾಲೀಕರ ಆಧಾರ್, ಹಳೆಯ ನಲ್ಲಿ ಇದ್ದರೆ ಅದರ ಬಾಕಿ ಕಟ್ಟಿದ ರಸೀದಿ, ಕಟ್ಟಡ ಪರವಾನಗಿಯ ನಕಲು. ಅಂಗಡಿ, ಹೋಟೆಲ್ ಇದ್ದರೆ ಉದ್ದಿಮೆ ಪರವಾನಗಿ ಮತ್ತು ಬಾಡಿಗೆ ಕರಾರು ಪತ್ರವೂ ಬೇಕು. ಪಟ್ಟಿ ನೋಡಲು ಸಣ್ಣದು. ನಿಜವಾದ ತೊಡಕು ಹೆಸರಿನದು. ನಮ್ಮಲ್ಲಿ ಖಾತೆ ಇದ್ದದ್ದು ತೀರಿಕೊಂಡ ಹಿರಿಯರ ಹೆಸರಿನಲ್ಲಿ, ತೆರಿಗೆ ರಸೀದಿ ಬರುತ್ತಿದ್ದದ್ದೂ ಅದೇ ಹೆಸರಿಗೆ, ಅರ್ಜಿದಾರರ ಆಧಾರ್ ಬೇರೆ. ಮೊದಲು ಖಾತೆ ಬದಲಾಗಬೇಕು, ಅದಕ್ಕೆ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ಟು. ಅಕ್ಕ ಬೇರೆ ಊರಿನಲ್ಲಿ, ತಮ್ಮ ಇನ್ನೊಂದು ಊರಿನಲ್ಲಿ ಇದ್ದರೆ ಎಲ್ಲರ ಸಹಿ ಒಂದೇ ಕಾಗದದ ಮೇಲೆ ಬೀಳುವ ಹೊತ್ತಿಗೆ ಸಾಕುಬೇಕಾಗುತ್ತದೆ. ಅದಾದ ಮೇಲೆ ಆಕ್ಷೇಪಣೆಗೆ ಬಿಡುವ ಅವಧಿ. ಅಲ್ಲಿ ಯಾರನ್ನು ಕೇಳಿಯೂ ಪ್ರಯೋಜನವಿಲ್ಲ, ಕಾಯಲೇಬೇಕು. ನಲ್ಲಿ ಬೇಕೋ ಬೇಡವೋ, ಖಾತೆ ಹಳೆಯ ಹೆಸರಿನಲ್ಲಿ ಇರುವವರು ಈ ಕೆಲಸವನ್ನು ಈ ವರ್ಷವೇ ಮುಗಿಸಿಕೊಳ್ಳಿ. ಹೆಸರಿನ ಕಾಗುಣಿತವನ್ನೂ ನೋಡಿಕೊಳ್ಳಿ. ಒಂದು ಕಡೆ ತಂದೆಯ ಹೆಸರಿನ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೂ ಅರ್ಜಿ ವಾಪಸು ಬರಬಹುದು.

ಮನೆಗೂ ವ್ಯಾಪಾರಕ್ಕೂ ಒಂದೇ ಮೀಟರ್ ಸಾಕು ಎಂದು ಹಲವರು ಹೇಳಿದರು. ಒಪ್ಪಬೇಡಿ. ಗೃಹಬಳಕೆಯ ದರ ಬೇರೆ, ವಾಣಿಜ್ಯ ದರ ಬೇರೆ. ಒಂದೇ ಮೀಟರಾದರೆ ಮನೆಯವರು ಸ್ನಾನ ಮಾಡಿದ ನೀರೂ ವಾಣಿಜ್ಯ ಲೆಕ್ಕಕ್ಕೆ ಸೇರುವ ಸಂಭವ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಯಾರು ಎಷ್ಟು ಬಳಸಿದರು ಎಂಬುದೇ ತಿಳಿಯುವುದಿಲ್ಲ, ಬಾಡಿಗೆದಾರರ ಜೊತೆ ಮನಸ್ತಾಪಕ್ಕೆ ಅದೇ ದಾರಿ. ಎರಡು ಮೀಟರ್ ಎಂದರೆ ಎರಡು ಅರ್ಜಿ, ಎರಡು ಠೇವಣಿ. ಒಳಗೂ ಎರಡು ಪ್ರತ್ಯೇಕ ಪೈಪು, ಎರಡು ಸಂಗ್ರಹ ಬೇಕು. ನಮ್ಮ ಸಂಪು ಮನೆಗೆ ಉಳಿಯಿತು, ಖಾನಾವಳಿಗೆ ಹಿಂಬದಿಯಲ್ಲಿ ಬೇರೆ ಸಿಂಟೆಕ್ಸ್ ಟ್ಯಾಂಕ್ ಬಂತು. ರಸ್ತೆ ಅಗೆಯುವ ಶುಲ್ಕ ಮಣ್ಣಿನ ರಸ್ತೆಗೆ ಒಂದು, ಡಾಂಬರಿಗೆ ಒಂದು, ಕಾಂಕ್ರೀಟಿಗೆ ಇನ್ನೊಂದು. ನಿಮ್ಮ ಬೀದಿಗೆ ಕಾಂಕ್ರೀಟ್ ಬೀಳುವ ಸುದ್ದಿ ಕಿವಿಗೆ ಬಿದ್ದರೆ ಅದಕ್ಕೆ ಮುಂಚೆ ಪೈಪು ದಾಟಿಸಿಕೊಳ್ಳಿ. ಕಟ್ಟಿದ ಪ್ರತಿ ಮೊತ್ತಕ್ಕೂ ಚಲನ್ ಇಟ್ಟುಕೊಳ್ಳಿ, ಬಾಯಿಮಾತಿನ ಲೆಕ್ಕಕ್ಕೆ ದುಡ್ಡು ಕೊಡಬೇಡಿ.

ಕಾಗದ ಓಡಾಡುತ್ತಿದ್ದ ಆ ತಿಂಗಳುಗಳಲ್ಲಿ ಮಾಡಿದ ಸೋರಿಕೆಯ ಹುಡುಕಾಟವೇ ಈ ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನದು, ಅತಿ ಹೆಚ್ಚು ಲಾಭದ್ದು.

ಮೊದಲು ಸಂಪು. ರಾತ್ರಿ ಎಲ್ಲರೂ ಮಲಗುವ ಹೊತ್ತಿಗೆ ಒಳಬರುವ ವಾಲ್ವ್ ಬಂದ್ ಮಾಡಿ, ಮೋಟರಿನ ಸ್ವಿಚ್ಚು ತೆಗೆದು, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಗುರುತು ಹಾಕಬೇಕು. ಸೀಮೆಸುಣ್ಣ ಒದ್ದೆ ಗೋಡೆಗೆ ನಿಲ್ಲುವುದಿಲ್ಲ. ಒಂದು ಕೋಲಿಗೆ ಇಂಚಿನ ಗುರುತು ಮಾಡಿ, ನೆಲ ಮುಟ್ಟುವಂತೆ ಇಳಿಬಿಟ್ಟು ಅಳೆಯುವುದು ವಾಸಿ. ಬೆಳಗ್ಗೆ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ನಮ್ಮ ಸಂಪು 8 ಅಡಿ ಉದ್ದ, 6 ಅಡಿ ಅಗಲ. ಅಷ್ಟು ಅಳತೆಯಲ್ಲಿ ಒಂದು ಇಂಚು ಇಳಿದರೆ 113 ಲೀಟರ್ ಹೋಯಿತು ಎಂದರ್ಥ. ಎಂಟು ತಾಸಿನ ರಾತ್ರಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ದಿನಕ್ಕೆ 340 ಲೀಟರ್, ತಿಂಗಳಿಗೆ ಹತ್ತು ಸಾವಿರ ಲೀಟರಿಗೂ ಮೇಲೆ. ನಗರಗಳಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರದ ಅಳತೆ. ಅಂದರೆ ಎರಡೂವರೆ ಜನರ ಪಾಲು ನೀರನ್ನು ನಮ್ಮ ಸಂಪಿನ ಗೋಡೆಯೇ ಕುಡಿಯುತ್ತಿತ್ತು. ಈ ಲೆಕ್ಕ ಹಾಕಿದ ದಿನ ನಿಜಕ್ಕೂ ಹೊಟ್ಟೆ ಉರಿಯಿತು, ಟ್ಯಾಂಕರಿಗೆ ದುಡ್ಡು ಎಣಿಸಿಕೊಟ್ಟದ್ದು ನೆನಪಾಗಿ.

ಬಿರುಕು ಇದ್ದದ್ದು ನೆಲ ಮತ್ತು ಗೋಡೆ ಕೂಡುವ ಮೂಲೆಯಲ್ಲಿ. ಸಂಪು ಸೋರುವುದು ಹೆಚ್ಚಾಗಿ ಅಲ್ಲೇ, ಅಥವಾ ಪೈಪು ಗೋಡೆ ತೂರುವ ಜಾಗದಲ್ಲಿ. ಮೇಲೆ ಸಿಮೆಂಟು ಮೆತ್ತಿದರೆ ಒಂದು ಮಳೆಗಾಲವೂ ನಿಲ್ಲುವುದಿಲ್ಲ. ಬಿರುಕನ್ನು ಉಳಿಯಿಂದ ಅರ್ಧ ಇಂಚು ಅಗಲ, ಅಷ್ಟೇ ಆಳಕ್ಕೆ ತೆರೆದು, ಪುಡಿ ತೊಳೆದು, ವಾಟರ್‌ಪ್ರೂಫ್ ಪುಡಿ ಸೇರಿಸಿದ ಗಾರೆ ತುಂಬಿ, ಮೂಲೆಯನ್ನು ಚೂಪಾಗಿ ಬಿಡದೆ ದುಂಡಗೆ ಒತ್ತಿಸಬೇಕು. ಅದರ ಮೇಲೆ ಕುಡಿಯುವ ನೀರಿನ ಟ್ಯಾಂಕಿಗೆ ಆಗುವ ಲೇಪನ ಎರಡು ಕೈ. ಡಬ್ಬಿಯ ಮೇಲೆ ಕುಡಿಯುವ ನೀರಿಗೆ ಯೋಗ್ಯ ಎಂದು ಬರೆದಿದೆಯೇ ನೋಡಿಕೊಳ್ಳಿ. ಲೇಪನ ಒಣಗುವವರೆಗೆ ಸಂಪು ಖಾಲಿ ಇರಬೇಕು, ಹಾಗಾಗಿ ಮೊದಲೇ ಡ್ರಮ್ಮು, ಹಂಡೆ ತುಂಬಿಸಿಟ್ಟುಕೊಳ್ಳಿ. ಸಂಪಿಗೆ ಇಳಿಯುವವರನ್ನು ಒಬ್ಬರನ್ನೇ ಬಿಡಬೇಡಿ. ಮುಚ್ಚಳ ತೆರೆದು ಗಾಳಿ ಆಡಿಸಿ, ಮೋಟರಿನ ಫ್ಯೂಸ್ ತೆಗೆದು, ಮೇಲೊಬ್ಬರು ನಿಂತಿರಬೇಕು.

ಎರಡನೆಯದು ಕಕ್ಕಸಿನ ಫ್ಲಶ್ ಟ್ಯಾಂಕು. ಬಟ್ಟೆಗೆ ಹಾಕುವ ನೀಲಿಯ ನಾಲ್ಕು ಹನಿ ಟ್ಯಾಂಕಿಗೆ ಬಿಟ್ಟು ಅರ್ಧ ತಾಸು ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಕೆಳಗೆ ಬೋಗುಣಿಯಲ್ಲಿ ನೀಲಿ ಕಂಡರೆ ತಳದ ರಬ್ಬರು ಸವೆದಿದೆ. ಸದ್ದೂ ಇರದು, ಗುರುತೂ ಇರದು, ಹಗಲೂ ರಾತ್ರಿ ಹೋಗುತ್ತಲೇ ಇರುತ್ತದೆ. ರಬ್ಬರಷ್ಟೇ ಬದಲಿಸಿದರೆ ಸಾಕು. ಹಳೆಯ ಟ್ಯಾಂಕು ಒಂದು ಸಲಕ್ಕೆ 10 ಲೀಟರ್ ಸುರಿಯುವಂಥದ್ದಾದರೆ ಮಾತ್ರ 6 ಮತ್ತು 3 ಲೀಟರಿನ ಎರಡು ಗುಂಡಿಯ ಟ್ಯಾಂಕಿಗೆ ಬದಲಿಸುವುದು ಲಾಭ. ಐದು ಜನರ ಮನೆಯಲ್ಲಿ ಆ ಉಳಿತಾಯ ದಿನಕ್ಕೆ 100 ಲೀಟರ್ ದಾಟುತ್ತದೆ.

ಮೂರನೆಯದು ಮೇಲಿನ ಟ್ಯಾಂಕಿನ ಫ್ಲೋಟ್ ವಾಲ್ವ್. ಪ್ಲಾಸ್ಟಿಕ್ ಚೆಂಡಿನೊಳಗೆ ನೀರು ಹೊಕ್ಕರೆ ಅದು ತೇಲುವುದಿಲ್ಲ, ವಾಲ್ವ್ ಮುಚ್ಚುವುದಿಲ್ಲ. ಉಕ್ಕಿದ ನೀರು ತಾರಸಿಯಲ್ಲಿ ಬಿದ್ದರೆ ಕಾಣುತ್ತದೆ. ಓವರ್‌ಫ್ಲೋ ಪೈಪನ್ನು ನೇರ ಚೇಂಬರಿಗೆ ಜೋಡಿಸಿದ್ದರೆ ವರ್ಷಗಟ್ಟಲೆ ಕಾಣುವುದಿಲ್ಲ. ಓವರ್‌ಫ್ಲೋದ ಬಾಯಿ ಎಲ್ಲರ ಕಣ್ಣಿಗೆ ಬೀಳುವ ಕಡೆ ಇರಲಿ, ಅದಕ್ಕೆ ಸೊಳ್ಳೆ ಜಾಳಿಗೆ ಕಟ್ಟಿರಲಿ. ತೊಟ್ಟಿಕ್ಕುವ ನಲ್ಲಿಗಳಿಗೆ ಲೀಟರ್ ಚೆಂಬು ಇಟ್ಟು ಗಡಿಯಾರ ನೋಡಿ. ಒಂದು ತಾಸಿನಲ್ಲಿ ತುಂಬಿದರೆ ದಿನಕ್ಕೆ 24 ಲೀಟರ್.

ಮೀಟರ್ ಕೂರಿಸುವ ದಿನ ಯಜಮಾನರು ಯಾರಾದರೂ ಎದುರಿಗೆ ಇರಲೇಬೇಕು. ರಸ್ತೆಯ ಮುಖ್ಯ ಪೈಪಿಗೆ ಸ್ಯಾಡಲ್ ಎಂಬ ಪಟ್ಟಿ ಕಟ್ಟಿ ಅಲ್ಲಿಂದ ನೀಲಿ ಬಣ್ಣದ ಎಂಡಿಪಿಇ ಎಂಬ ಪ್ಲಾಸ್ಟಿಕ್ ಪೈಪು ಒಳಗೆ ಬರುತ್ತದೆ. ಆ ಪೈಪಿಗೆ ನಡುವೆ ಜಾಯಿಂಟ್ ಇಲ್ಲದಂತೆ ಒಂದೇ ತುಂಡು ಹಾಕಿಸಿ, ಚರಂಡಿ ದಾಟುವ ಕಡೆ ಹೊರಗೊಂದು ದಪ್ಪ ಪೈಪಿನ ಕವಚ ತೊಡಿಸಿ. ಮೀಟರ್ ಮಲಗಿದಂತೆ ಸಮತಟ್ಟಾಗಿ ಕೂತಿರಬೇಕು, ಮುಖ ಮೇಲಕ್ಕೆ, ಮೈಮೇಲಿನ ಬಾಣ ಮನೆಯ ಕಡೆಗೆ. ಓರೆಯಾಗಿ ಕೂತರೆ ಒಳಗಿನ ಚಕ್ರ ಒಂದು ಕಡೆ ಸವೆದು ಲೆಕ್ಕ ತಪ್ಪುತ್ತದೆ. ಮೀಟರ್ ಆದ ಮೇಲೆ ಒಂದು ಬಾಲ್ ವಾಲ್ವ್, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಒಂದು ನಾನ್ ರಿಟರ್ನ್ ವಾಲ್ವ್. ಆರಂಭದ ಅಂಕಿಯನ್ನೂ ಮೀಟರಿನ ಸಂಖ್ಯೆಯನ್ನೂ ಫೋಟೊ ತೆಗೆದಿಟ್ಟುಕೊಳ್ಳಿ. ಮೊದಲ ಬಿಲ್ಲು ಬಂದಾಗ ಬೇಕಾಗುತ್ತದೆ.

ಓದುವುದು ಸುಲಭ. ಕಪ್ಪು ಅಂಕಿಗಳು ಕಿಲೋಲೀಟರ್, ಅಂದರೆ ಸಾವಿರ ಲೀಟರಿನ ಲೆಕ್ಕ. ಕೆಂಪು ಮುಳ್ಳುಗಳು ಅದರ ಕೆಳಗಿನ ನೂರು, ಹತ್ತು, ಒಂದು ಲೀಟರ್. ನಡುವೆ ಪುಟ್ಟ ನಕ್ಷತ್ರದಂಥ ಚಕ್ರ ಇರುತ್ತದೆ. ಎಲ್ಲ ನಲ್ಲಿ ಬಂದ್ ಮಾಡಿ ಅದನ್ನೇ ಎರಡು ನಿಮಿಷ ನೋಡಿ. ಅದು ಮೆಲ್ಲಗೆ ತಿರುಗುತ್ತಿದ್ದರೆ ಎಲ್ಲೋ ನೀರು ಹೋಗುತ್ತಿದೆ. ಸಂಪಿನ ಫ್ಲೋಟ್ ಪೂರ್ತಿ ಮುಚ್ಚಿದ ಮೇಲೆಯೇ ಈ ಪರೀಕ್ಷೆ ಮಾಡಬೇಕು. ನಮ್ಮಲ್ಲಿ ಮೀಟರಿನಿಂದ ಸಂಪಿನವರೆಗಿನ ಹಳೆಯ ಜಿಐ ಪೈಪು ಮಣ್ಣಿನೊಳಗೆ ತುಕ್ಕು ಹಿಡಿದು ತೂತಾಗಿತ್ತು. ವಾರಕ್ಕೊಮ್ಮೆ ಎರಡು ತಾಸು ಬರುತ್ತಿದ್ದ ನೀರಿನಲ್ಲಿ ಅದು ತಿಳಿದೇ ಇರಲಿಲ್ಲ, 24 ತಾಸಿನ ಒತ್ತಡ ಬಂದ ಮೇಲೆ ಅಂಗಳದ ಕಲ್ಲಿನ ಸಂದಿಯಲ್ಲಿ ಒದ್ದೆ ಕಾಣಿಸಿತು. ಮೀಟರಿನ ಈಚೆಗಿನ ಪೈಪು ಮಾಲೀಕರದೇ ಜವಾಬ್ದಾರಿ, ಅದರಲ್ಲಿ ಸೋರಿದ್ದೂ ಮಾಲೀಕರ ಬಿಲ್ಲೇ. ಹಳೇ ಜಿಐ ಪೈಪು ಇರುವವರು ಮೀಟರ್ ಬರುವ ಮುಂಚೆಯೇ ಅದನ್ನು ತೆಗೆಸಿಬಿಡಿ.

ಇನ್ನೂ ಸರದಿ ಮೇಲೆ ನೀರು ಬರುವ ಬಡಾವಣೆಗಳವರಿಗೆ ಒಂದು ಮಾತು. ನೀರು ಬರುವ ಮೊದಲು ಪೈಪಿನೊಳಗಿನ ಗಾಳಿ ನುಗ್ಗಿ ಮೀಟರನ್ನು ಗಿರ್ರನೆ ತಿರುಗಿಸುತ್ತದೆ. ವಾಲ್ವನ್ನು ಕಾಲು ಭಾಗ ಮಾತ್ರ ತೆರೆದಿಟ್ಟು, ನೀರು ಕಟ್ಟಾಗಿ ಬಂದ ಮೇಲೆ ಪೂರ್ತಿ ತೆರೆದರೆ ಅದು ತಗ್ಗುತ್ತದೆ. ನಲ್ಲಿಗೆ ನೇರ ಮೋಟರ್ ಹಚ್ಚಿ ಎಳೆಯುವುದನ್ನು ಯಾರೂ ಮಾಡಬಾರದು. ಅದು ಅಕ್ಕಪಕ್ಕದವರ ನೀರು ಕಸಿಯುವುದಷ್ಟೇ ಅಲ್ಲ, ಪೈಪಿನಲ್ಲಿ ಎಲ್ಲಿ ಬಿರುಕಿದೆಯೋ ಅಲ್ಲಿಂದ ಚರಂಡಿ ನೀರನ್ನೂ ಒಳಗೆ ಎಳೆದು ಎಲ್ಲರ ಹಂಡೆಗೆ ತುಂಬಿಸುತ್ತದೆ.

ಖಾನಾವಳಿಯ ಮೀಟರ್ ಬೇರೆಯಾದ ಮೇಲೆ ಅಲ್ಲಿ ನೀರು ಎಲ್ಲಿ ಹೋಗುತ್ತದೆ ಎಂಬುದು ಗೊತ್ತಾಯಿತು. ಅಡುಗೆಗೆ ಅಲ್ಲ, ಪಾತ್ರೆಗೆ. ಹರಿಯುವ ನಲ್ಲಿಯ ಕೆಳಗೆ ತಟ್ಟೆ ಹಿಡಿದು ತೊಳೆಯುವ ಪದ್ಧತಿ ಇತ್ತು. ಹತ್ತು ಲೀಟರಿನ ಬಕೆಟ್ಟು ಇಟ್ಟು ಅಳೆದರೆ ಆ ನಲ್ಲಿ ನಿಮಿಷಕ್ಕೆ 12 ಲೀಟರ್ ಬಿಡುತ್ತಿತ್ತು. ತಾಸಿಗೆ 720 ಲೀಟರ್. ಅದನ್ನು ಮೂರು ತೊಟ್ಟಿಗೆ ಬದಲಿಸಿದರು: ಎಂಜಲು ಬಳಿದು ಹಾಕಿದ ಮೇಲೆ ನೆನೆಯಲು ಒಂದು, ಸೋಪಿಗೆ ಒಂದು, ಜಾಲಿಸಲು ಒಂದು. ಜಾಲಿಸುವ ತೊಟ್ಟಿಯ ನೀರು ಮಸುಕಾದ ಮೇಲೆ ನೆನೆಸುವ ತೊಟ್ಟಿಗೆ ಇಳಿಯುತ್ತದೆ, ಹೊಸ ನೀರು ಜಾಲಿಸುವುದಕ್ಕೆ ಮಾತ್ರ. ಆ ನಲ್ಲಿಗೆ ಕಾಲಿನಿಂದ ಒತ್ತುವ ಪೆಡಲ್ ಹಾಕಿಸಿದರು. ಎರಡೂ ಕೈಯಲ್ಲಿ ಪಾತ್ರೆ ಇದ್ದಾಗ ನಲ್ಲಿ ತಿರುಗಿಸಿ ನಿಲ್ಲಿಸುವುದು ಯಾರಿಗೂ ಆಗದ ಮಾತು, ಕಾಲು ತೆಗೆದರೆ ನೀರು ನಿಲ್ಲುವುದೇ ಸರಿಯಾದ ವ್ಯವಸ್ಥೆ. ಕೈತೊಳೆಯುವ ಬೇಸಿನ್ನುಗಳಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ, ನಿಮಿಷಕ್ಕೆ 3 ಲೀಟರಿನ ಏರೇಟರ್ ಹಾಕಿದ್ದಾಯಿತು. ಪಾತ್ರೆ ತುಂಬಿಸುವ ನಲ್ಲಿಗೆ ಅದನ್ನು ಹಾಕಬಾರದು. ಹತ್ತು ಲೀಟರಿನ ಪಾತ್ರೆಗೆ ಹೇಗೂ ಹತ್ತು ಲೀಟರೇ ಬೇಕು, ಅಡುಗೆಯವರ ಹೊತ್ತು ಮಾತ್ರ ಹಾಳು. ಬೋರಿನ ಗಡಸು ನೀರಿದ್ದರೆ ಏರೇಟರಿನ ಜಾಳಿಗೆಗೆ ಸುಣ್ಣ ಕಟ್ಟುತ್ತದೆ. ಬಿಚ್ಚಿ ಒಂದು ರಾತ್ರಿ ಹುಣಸೆ ನೀರಿನಲ್ಲಿ ಅಥವಾ ವಿನೆಗರಿನಲ್ಲಿ ನೆನೆಸಿದರೆ ಬಿಡುತ್ತದೆ.

ಬಂದವರ ಮುಂದೆ ಲೋಟ ತುಂಬಿಸಿಡುವ ಬದಲು ಮೇಜಿನ ಮೇಲೆ ಜಗ್ಗು ಇಟ್ಟದ್ದರಿಂದ ಅರ್ಧ ಲೋಟ ಚೆಲ್ಲುವುದು ನಿಂತಿತು. ಆರ್‌ಒ ಯಂತ್ರದಲ್ಲಿ ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ. ಆ ಪೈಪನ್ನು ಒಂದು ಡ್ರಮ್ಮಿಗೆ ಬಿಟ್ಟು ನೆಲ ಒರೆಸಲು, ಪಾತ್ರೆ ನೆನೆಸಲು ಬಳಸುತ್ತಿದ್ದಾರೆ. ಉಪ್ಪಿನಂಶ ಹೆಚ್ಚಿರುವುದರಿಂದ ಗಿಡಕ್ಕೆ ಹಾಕಬೇಡಿ.

ಮಳೆನೀರಿನ ಕೆಲಸಕ್ಕೆ ಲೆಕ್ಕ ಸುಲಭದ್ದು. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ತಾರಸಿ ಸಾವಿರ ಚದರಡಿ, ಅಂದರೆ 93 ಚದರ ಮೀಟರ್. ವರ್ಷಕ್ಕೆ 600 ಮಿಲಿಮೀಟರ್ ಎಂದು ಹಿಡಿದು, ಆರಿಹೋಗುವುದು, ಮೊದಲು ಬಿಟ್ಟುಬಿಡುವುದು ಕಳೆದರೆ 47 ಸಾವಿರ ಲೀಟರ್ ಕೈಗೆ ಸಿಗುತ್ತದೆ. ಆದರೆ ಅದು ಹನಿಹನಿಯಾಗಿ ಬರುವುದಿಲ್ಲ. ಅಡ್ಡಮಳೆಯಲ್ಲಿ ಅರ್ಧ ತಾಸಿನೊಳಗೆ ಸುರಿದುಬಿಡುತ್ತದೆ. ಹಾಗಾಗಿ ಪೈಪು, ಸೋಸುಕ (ಫಿಲ್ಟರ್), ಟ್ಯಾಂಕು ಮೂರನ್ನೂ ವರ್ಷದ ಮೊತ್ತಕ್ಕಲ್ಲ, ಆ ಬಿರುಸಿಗೆ ತಕ್ಕಂತೆ ಅಳೆಯಬೇಕು. ತಾಸಿಗೆ 75 ಮಿಲಿಮೀಟರ್ ಬಿರುಸಿನ ಮಳೆಗೆ ಒಂದು 4 ಇಂಚಿನ ಪೈಪು ಇಳಿಸಬಲ್ಲದ್ದು 57 ಚದರ ಮೀಟರ್ ತಾರಸಿಯ ನೀರನ್ನು ಮಾತ್ರ. ಅದಕ್ಕೇ ಎರಡು ಪೈಪು, ಮುಂದೊಂದು ಹಿಂದೊಂದು. ಅಕ್ಕಪಕ್ಕದ ಎಷ್ಟೋ ಮನೆಗಳಲ್ಲಿ 2 ಇಂಚಿನ ಪೈಪಿಗೆ ಇಡೀ ತಾರಸಿ ಜೋಡಿಸಿದ್ದು ನೋಡಿದ್ದೇವೆ. ದೊಡ್ಡ ಮಳೆಗೆ ತಾರಸಿ ಕೆರೆಯಾಗುತ್ತದೆ, ಚಾವಣಿ ಜಿನುಗುತ್ತದೆ, ಬೈಗುಳ ಮಳೆಕೊಯ್ಲಿಗೆ.

ತಾರಸಿಯ ಧೂಳು, ಕಸ ತೊಳೆದು ಬರುವ ಮೊದಲ ನೀರನ್ನು ಬಿಟ್ಟುಬಿಡುವುದಕ್ಕೆ ಪ್ರತಿ ಇಳಿಪೈಪಿಗೆ ಒಂದು ಟೀ (ಮೂರು ಬಾಯಿಯ ಜೋಡಣೆ) ಹಾಕಿ, ಅದರ ಕೆಳಗೆ 6 ಇಂಚಿನ ಪೈಪನ್ನು 9 ಅಡಿ ಉದ್ದಕ್ಕೆ ಇಳಿಬಿಟ್ಟಿದೆ. ಆ ಪೈಪು ಒಂದು ಮೀಟರ್ ಉದ್ದಕ್ಕೆ ಸುಮಾರು ಹದಿನೇಳೂವರೆ ಲೀಟರ್ ಹಿಡಿಯುತ್ತದೆ, 9 ಅಡಿಗೆ 48 ಲೀಟರಿನಷ್ಟು. ಅರ್ಧ ತಾರಸಿಯ ಮೊದಲ ಒಂದು ಮಿಲಿಮೀಟರ್ ಮಳೆ ಅಲ್ಲಿಗೆ ಸರಿಹೋಯಿತು. ಅದು ತುಂಬಿದ ಮೇಲೆ ಬರುವ ನೀರು ತಾನಾಗಿ ಸೋಸುಕದ ಕಡೆ ತಿರುಗುತ್ತದೆ. ತಳದ ಮುಚ್ಚಳಕ್ಕೆ 3 ಮಿಲಿಮೀಟರ್ ತೂತು ಇದ್ದರೆ ಮುಂದಿನ ಮಳೆಯೊಳಗೆ ಖಾಲಿಯಾಗಿರುತ್ತದೆ. ಮುಚ್ಚಳವನ್ನು ಅಂಟಿಸಬೇಡಿ, ತಿರುಪಿನದು ಹಾಕಿಸಿ, ಎಲೆ ಸಿಕ್ಕಿ ತೂತು ಕಟ್ಟಿದರೆ ಬಿಚ್ಚಬೇಕಲ್ಲ. ಮಂಡಕ್ಕಿ ಭಟ್ಟಿಗಳ ಸುತ್ತಮುತ್ತ ಇರುವವರಿಗೆ ಈ ಅಳತೆ ಸಾಲದು. ಅಲ್ಲಿ ತಾರಸಿಯ ಮೇಲೆ ಮಸಿ ಕೂರುತ್ತದೆ. ಎರಡರಷ್ಟು ನೀರು ಬಿಟ್ಟುಬಿಡಿ, ವರ್ಷದ ಮೊದಲೆರಡು ಮಳೆಯನ್ನಂತೂ ಟ್ಯಾಂಕಿಗೆ ಬಿಡಲೇಬೇಡಿ.

ಸೋಸುಕಕ್ಕೆ 200 ಲೀಟರಿನ ಎರಡು ಪ್ಲಾಸ್ಟಿಕ್ ಡ್ರಮ್ಮು. ತಳದಿಂದ 8 ಇಂಚು 40 ಮಿಲಿಮೀಟರ್ ಜಲ್ಲಿ, 6 ಇಂಚು 20 ಮಿಲಿಮೀಟರ್ ಜಲ್ಲಿ, ನೈಲಾನ್ ಜಾಳಿಗೆ, 4 ಇಂಚು ಇದ್ದಿಲು, ಮತ್ತೆ ಜಾಳಿಗೆ, 8 ಇಂಚು ದಪ್ಪ ಮರಳು, ಮತ್ತೆ ಜಾಳಿಗೆ, ಮೇಲೆ 2 ಇಂಚು ಸಣ್ಣ ಜಲ್ಲಿ, ಉಳಿದ 6 ಇಂಚು ಖಾಲಿ. ಮೇಸ್ತ್ರಿ ತಂದದ್ದು ಗಿಲಾವಿನ ನುಣುಪು ಮರಳು.

“ಮರಳು ಸಣ್ಣದಿದ್ರೆ ಚೆನ್ನಾಗಿ ಸೋಸ್ತದಲ್ರೀ ಸರ್?”

“ಸೋಸ್ತದೆ ಮೇಸ್ತ್ರಿ, ಆದ್ರೆ ಇಳಿಯಲ್ಲ. ಮೇಲೆ ಉಕ್ಕಿ ಹೋದ್ರೆ ಟ್ಯಾಂಕಿಗೆ ಏನು ಬರ್ತದೆ?”

ತಾಸಿಗೆ 50 ಮಿಲಿಮೀಟರ್ ಮಳೆಯಲ್ಲಿ ಪ್ರತಿ ಡ್ರಮ್ಮಿಗೆ ತಾಸಿಗೆ 2,300 ಲೀಟರ್ ಬರುತ್ತದೆ. ನುಣುಪು ಮರಳಿನಲ್ಲಿ ಅಷ್ಟು ಇಳಿಯುವ ಮಾತೇ ಇಲ್ಲ. ಜೋಳದ ಕಾಳಿನ ಅರ್ಧದಷ್ಟು ದಪ್ಪದ ಮರಳನ್ನು ಜರಡಿ ಹಿಡಿದು, ಕೈಯಲ್ಲಿ ಹಿಂಡಿದರೆ ಕೆಸರು ಬಾರದಷ್ಟು ತೊಳೆದು ಹಾಕಬೇಕು. ತೊಳೆಯದೆ ಹಾಕಿದರೆ ಮೊದಲ ಮಳೆಗೆ ಟ್ಯಾಂಕಿನ ತುಂಬ ಕೆಂಪು ರಾಡಿ. ಇದ್ದಿಲಿನದು ಬೇರೆ ತಾಪತ್ರಯ, ಅದು ತೇಲುತ್ತದೆ. ಪಕ್ಕದಲ್ಲಿ ಒಂದು ಬೆರಳು ಸಂದಿ ಬಿಟ್ಟರೂ ಸಾಕು, ಮೇಲೆದ್ದು ಬಂದು ಪದರವೆಲ್ಲ ಕಲಸಿಹೋಗುತ್ತದೆ. ಜಾಳಿಗೆಯನ್ನು ಡ್ರಮ್ಮಿನ ಅಳತೆಗಿಂತ ಮೂರು ಇಂಚು ದೊಡ್ಡದಾಗಿ ಕತ್ತರಿಸಿ ಅಂಚನ್ನು ಸುತ್ತಲೂ ಮೇಲಕ್ಕೆ ಮಡಿಸಿ, ಅದರ ಮೇಲೆ ಮರಳಿನ ಭಾರ ಬಿದ್ದರೆ ಅಲುಗುವುದಿಲ್ಲ.

ತುಂಬಿದ ಡ್ರಮ್ಮು ಒಂದೊಂದೂ ಸುಮಾರು 400 ಕಿಲೋ ತೂಗುತ್ತದೆ. ಅದು ಟ್ಯಾಂಕಿಗಿಂತ ಎತ್ತರದಲ್ಲಿ ಇರಬೇಕಾದ್ದರಿಂದ 5 ಅಡಿಯ ಇಟ್ಟಿಗೆ ಕಟ್ಟೆ ಕಟ್ಟಿಸಿದ್ದಾಯಿತು. ತೆಳು ಕಬ್ಬಿಣದ ಸ್ಟ್ಯಾಂಡು ಬಾಗುತ್ತದೆ. ಡ್ರಮ್ಮಿನ ಉಕ್ಕುಬಾಯಿ ಒಳಬರುವ ಪೈಪಿನಷ್ಟೇ, ಅಂದರೆ 4 ಇಂಚೇ ಇರಬೇಕು. ಪ್ಲಂಬರ್ ಉಳಿದಿದ್ದ 2 ಇಂಚಿನ ತುಂಡು ಹಾಕಲು ಹೊರಟಾಗ ನಿಲ್ಲಿಸಬೇಕಾಯಿತು. ಸೋಸಿದ ನೀರು ಸಾವಿರ ಲೀಟರಿನ ಎರಡು ಟ್ಯಾಂಕಿಗೆ ಬೀಳುತ್ತದೆ. ಒಂದು 25 ಮಿಲಿಮೀಟರ್ ಮಳೆಗೆ ಎರಡೂ ತುಂಬಿದವೆಂದೇ ಲೆಕ್ಕ. ಮಿಕ್ಕಿದ್ದು ಇಂಗುಗುಂಡಿಗೆ.

ಇಂಗುಗುಂಡಿಯ ಬಗ್ಗೆ ಬಿಡಿಸಿ ಹೇಳಬೇಕು. ಬೋರಿನ ಕೇಸಿಂಗ್ (ಹೊರಗಿನ ಕೊಳವೆ) ಸುತ್ತ ಗುಂಡಿ ತೋಡಿ, ಕೇಸಿಂಗಿಗೆ ತೂತು ಕೊರೆದು, ಜಾಳಿಗೆ ಸುತ್ತಿ, ಕಲ್ಲು ಜಲ್ಲಿ ಮರಳು ತುಂಬುವ ಮರುಪೂರಣದ ಕ್ರಮವನ್ನು ಚಿತ್ರದುರ್ಗದ ಭೂವಿಜ್ಞಾನಿ ಎನ್.ಜೆ. ದೇವರಾಜರೆಡ್ಡಿಯವರು ಈ ಸೀಮೆಯ ರೈತರಿಗೆ ಹೇಳಿಕೊಟ್ಟಿದ್ದಾರೆ. ಹೊಲದಲ್ಲಿ ಅದು ಸರಿ. ಊರೊಳಗೆ ಬೋರು ಗೋಡೆಗೆ ಅಂಟಿಕೊಂಡಿರುತ್ತದೆ, ಅಷ್ಟು ದೊಡ್ಡ ಗುಂಡಿ ತೋಡಿದರೆ ಪಾಯಕ್ಕೆ ಧಕ್ಕೆ. ಅದಕ್ಕೆ ಬೋರಿನಿಂದ ದೂರ, ಖಾಲಿ ಮೂಲೆಯಲ್ಲಿ 3 ಅಡಿ ಅಗಲದ ಸಿಮೆಂಟ್ ರಿಂಗಿನ ಬಾವಿ ಇಳಿಸಿದ್ದು, 20 ಅಡಿ ಆಳ. ತುಂಬಿದರೆ 4,000 ಲೀಟರ್ ಹಿಡಿಯುತ್ತದೆ. ರಿಂಗುಗಳಿಗೆ ತೂತು ಇರಬೇಕು, ಹೊರಸುತ್ತಿಗೆ ಜಲ್ಲಿ ತುಂಬಬೇಕು, ರಿಂಗಿನ ನಡುವೆ ಸಿಮೆಂಟು ಮೆತ್ತಬಾರದು.

ಆಳವನ್ನು ಮೊದಲೇ ತೀರ್ಮಾನಿಸಿ ಗುತ್ತಿಗೆ ಕೊಡಬೇಡಿ. ದಾವಣಗೆರೆಯಲ್ಲಿ ಹಲವು ಕಡೆ ಮೇಲೆ ಎರೆಮಣ್ಣು. ಅದು ನೀರು ಕುಡಿದು ಉಬ್ಬುತ್ತದೆ, ಕೆಳಗೆ ಬಿಡುವುದಿಲ್ಲ. ಎರೆ ದಾಟಿ ಗರಸು ಸಿಗುವವರೆಗೆ ತೋಡಬೇಕು. ಗರಸು ಸಿಕ್ಕ ಮೇಲೆ ಗುಂಡಿಗೆ ಒಂದು ಅಡಿ ನೀರು ಬಿಟ್ಟು ಒಂದು ತಾಸು ಕಾಯಿರಿ. ಮಟ್ಟ ಗಮನಿಸುವಷ್ಟು ಇಳಿಯದಿದ್ದರೆ ಇನ್ನೂ ಇಳಿಯಿರಿ. ನಮ್ಮಲ್ಲಿ 11 ಅಡಿಗೆ ನಿಲ್ಲಿಸೋಣ ಎಂದ ತೋಡುವವರನ್ನು ಈ ಪರೀಕ್ಷೆಯೇ ಇನ್ನೂ ಕೆಳಗೆ ಇಳಿಸಿತು. ಪಾಯಖಾನೆ ಗುಂಡಿ, ಸೆಪ್ಟಿಕ್ ಟ್ಯಾಂಕಿನಿಂದ 30 ಅಡಿಯಾದರೂ ದೂರ ಇರಲಿ. ಅಷ್ಟು ಜಾಗ ಇಲ್ಲದವರು ಇಂಗುಗುಂಡಿಯ ಆಸೆ ಬಿಟ್ಟು ಟ್ಯಾಂಕನ್ನೇ ದೊಡ್ಡದು ಮಾಡಿಕೊಳ್ಳಬೇಕು. ಬಚ್ಚಲ ನೀರು, ಪಾತ್ರೆ ತೊಳೆದ ನೀರು ಯಾವ ಕಾರಣಕ್ಕೂ ಇದರೊಳಗೆ ಬೀಳಬಾರದು. ಒಮ್ಮೆ ಅಂತರ್ಜಲ ಕೆಟ್ಟರೆ ಬೀದಿಯ ಬೋರುಗಳೆಲ್ಲ ಕೆಟ್ಟವು.

ಖರ್ಚು ಹೀಗಾಯಿತು. ಇಂಗುಗುಂಡಿ ತೋಡಿ ರಿಂಗು ಇಳಿಸಿದ್ದಕ್ಕೆ 32 ಸಾವಿರ, ಎರಡು ಟ್ಯಾಂಕಿಗೆ 13 ಸಾವಿರ, ಪೈಪು ಟೀ ಕ್ಲ್ಯಾಂಪಿಗೆ 11 ಸಾವಿರ, ಡ್ರಮ್ಮು ಜಲ್ಲಿ ಇದ್ದಿಲಿಗೆ ಐದೂವರೆ ಸಾವಿರ, ಕಟ್ಟೆಗೆ 6 ಸಾವಿರ, ಪ್ಲಂಬರ್ ಕೂಲಿ 9 ಸಾವಿರ. ಒಟ್ಟು ಎಪ್ಪತ್ತಾರೂವರೆ ಸಾವಿರ. ಕೈಯಲ್ಲಿ ಅಷ್ಟು ಇಲ್ಲದವರು ಗುಂಡಿಯನ್ನು ಮುಂದಿನ ವರ್ಷಕ್ಕೆ ಇಟ್ಟು ಒಂದೇ ಪೈಪು, ಒಂದೇ ಡ್ರಮ್ಮು, ಒಂದೇ ಟ್ಯಾಂಕಿನಿಂದ ಶುರು ಮಾಡಿದರೂ ನಡೆಯುತ್ತದೆ. ಟೀ ಹಾಕುವಾಗ ಮುಂದೆ ಜೋಡಿಸಲು ಒಂದು ಬಾಯಿ ಬಿಟ್ಟಿರಿ, ಅಷ್ಟೇ. ಸೋರಿಕೆ ಹುಡುಕಿ ನಿಲ್ಲಿಸುವುದಕ್ಕೆ ಸಂಪಿನ ಲೇಪನ, ರಬ್ಬರು, ಹೊಸ ಪೈಪು ಎಲ್ಲ ಸೇರಿ ಇದರ ಐದನೇ ಒಂದು ಪಾಲೂ ಆಗಲಿಲ್ಲ. ದುಡ್ಡು ಬಿಗಿ ಇದ್ದರೆ ಮೊದಲು ಮಾಡಬೇಕಾದ್ದು ಅದೇ.

ನೋಡಿಕೊಳ್ಳುವ ಕೆಲಸ ಹೆಚ್ಚೇನಿಲ್ಲ, ಆದರೆ ತಪ್ಪಿಸುವ ಹಾಗಿಲ್ಲ. ರೋಹಿಣಿ ಮಳೆಗೆ ಮುಂಚೆ ತಾರಸಿ ಗುಡಿಸಿ, ಇಳಿಪೈಪಿನ ಬಾಯಿಯ ಜಾಲರಿ ತೆಗೆದು ತೊಳೆಯಬೇಕು. ಮರಳಿನ ಮೇಲಿನ ಒಂದು ಇಂಚು ಪದರವನ್ನು ಮಳೆಗಾಲದ ನಡುವೆ ಒಮ್ಮೆ ಕೆರೆದು ತೊಳೆದು ಹಾಕಬೇಕು, ಇದ್ದಿಲನ್ನು ವರ್ಷಕ್ಕೊಮ್ಮೆ ಬದಲಿಸಬೇಕು. ಟ್ಯಾಂಕಿನ ಮುಚ್ಚಳ ಬಿಗಿಯಾಗಿರಲಿ, ಬೆಳಕು ಹೊಕ್ಕರೆ ಪಾಚಿ, ಸೊಳ್ಳೆ ಹೊಕ್ಕರೆ ಡೆಂಗಿ. ಈ ನೀರನ್ನು ಸ್ನಾನ, ಬಟ್ಟೆ, ಪಾತ್ರೆಗೆ ಬಳಸುವುದಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರುವವರೆಗೆ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿದು ಒಂದು ತಾಸು ಬಿಟ್ಟು ಬಳಸಬೇಕು. ತೆರೆದಿಟ್ಟ ಹಳೆಯ ಪುಡಿಗೆ ಸತ್ವ ಇರುವುದಿಲ್ಲ. ಕುಡಿಯುವುದಕ್ಕೆ ಬಳಸುವವರು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸದೆ ಬಾಯಿಗೆ ಹಾಕಬೇಡಿ. ಹೋಟೆಲಿನವರಿಗಂತೂ ಆಹಾರ ಪರವಾನಗಿಯ ಕಡತಕ್ಕೆ ನೀರಿನ ಪರೀಕ್ಷಾ ವರದಿ ಹೇಗೂ ಬೇಕು. ಮಾದರಿಯನ್ನು ಬಳಸುವ ನಲ್ಲಿಯಿಂದಲೇ, ಪ್ರಯೋಗಾಲಯದವರು ಕೊಡುವ ಬಾಟಲಿಯಲ್ಲೇ ತುಂಬಿ, ಅದೇ ದಿನ ಮುಟ್ಟಿಸಬೇಕು. ನಲ್ಲಿ ನೀರು, ಬೋರು, ಮಳೆನೀರು ಮೂರೂ ಇರುವ ಕಟ್ಟಡವಾದರೆ ಮೂರಕ್ಕೂ ಬೇರೆ ಬೇರೆ ಬಾಟಲಿ, ಮೇಲೆ ಹೆಸರು ಬರೆದ ಚೀಟಿ.